ತಕ್ಕಡಿಯ ಮುಖ ಯಾರ ಕಡೆಗೆ?

ಸವದತ್ತಿ ತಾಲ್ಲೂಕಿನ ಸಿರಸಂಗಿಗೆ ನಾವು ಹೋದದ್ದು ಪರಿಚಿತರ ಮನೆಯ ಮದುವೆಗೆ. ಊಟ ಮುಗಿದ ಮೇಲೆ ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ನೆರಳು ನೋಡಿ ಕುಳಿತೆವು. ಪಕ್ಕದಲ್ಲೇ ಒಬ್ಬ ಅಜ್ಜಿ ಕುಳಿತಿದ್ದರು. ಕಾಳಮ್ಮನ ಗುಡಿಗೆ ಕಾಯಿ ಒಡೆಸಲು ಬಂದವರು, ಹತ್ತಿರದ ಒಂದು ಹಳ್ಳಿಯವರು. ಆ ಹಳ್ಳಿಯ ಹೆಸರು ಇಲ್ಲಿ ಬೇಡ. ಮಳೆ, ಜೋಳ, ಸೊಸೆಯಂದಿರ ಮಾತು ಮುಗಿದು, ಮಾತು ಎಮ್ಮೆಗೆ ಬಂತು. ಆಗ ಅಜ್ಜಿಯ ದನಿ ಬದಲಾಯಿತು.

"ನೋಡ್ರಿ ಸಾಬರ, ಐವತ್ತ ವರ್ಷ ಆತು ನಾ ಹಾಲ ಹಿಂಡಾಕ ಹತ್ತಿ. ಒಂದ ದಿನಾ ಒಂದ ಹನಿ ನೀರ ಹಾಕಿಲ್ಲ. ಆ ಮಿಷನ್ನು ನಾಕ ಮಂದಿ ಮುಂದ ನನ್ನ ಕಳ್ಳಿ ಅಂತು."

ನಡೆದದ್ದು ಇಷ್ಟು. ಅವರ ಊರಿನ ಡೈರಿಯಲ್ಲಿ ಹಾಲು ಪರೀಕ್ಷಿಸುವ ಯಂತ್ರವಿದೆ. ಒಂದು ಸಣ್ಣ ಲೋಟ ಹಾಲನ್ನು ಅದರ ಕೊಳವೆಗೆ ಹಿಡಿದರೆ ನಿಮಿಷದೊಳಗೆ ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು, ನೀರು ಶೇಕಡಾ ಎಷ್ಟು ಎಂದು ಅಂಕೆ ಬರುತ್ತದೆ. ಅಂಕೆಯ ಮೇಲೆ ದರ. ಒಂದು ದಿನ ಬೆಳಿಗ್ಗೆ ಅಜ್ಜಿಯ ಎಮ್ಮೆ ಹಾಲಿನ ಅಂಕೆ ಒಮ್ಮೆಲೇ ಕೆಳಗಿಳಿಯಿತು. ನೀರಿನ ಸಾಲಿನಲ್ಲಿ ಒಂದು ಸಂಖ್ಯೆ ಮೂಡಿತು. ಪರೀಕ್ಷೆ ಮಾಡುವ ಹುಡುಗ ಅವರದೇ ಓಣಿಯವನು. ತಲೆ ಎತ್ತದೆ, "ಆಯೀ, ನೀರ ಬಿದ್ದೈತಿ" ಎಂದ. ಸಾಲಿನಲ್ಲಿದ್ದವರು ಯಾರೂ ಏನೂ ಅನ್ನಲಿಲ್ಲ. ಒಬ್ಬಿಬ್ಬರು ನಕ್ಕರು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ಇನ್ನೂ ಹಲವರ ಅಂಕೆ ಇಳಿದಾಗ ಯಂತ್ರವನ್ನು ಬಿಚ್ಚಿ ನೋಡಿದರು. ಒಳಗೆ ಹಾಲಿನ ಜಿಡ್ಡು ಗಟ್ಟಿಯಾಗಿ ಕೂತಿತ್ತು. ತೊಳೆದ ಮೇಲೆ ಅಂಕೆ ಸರಿಹೋಯಿತು. ಅಜ್ಜಿಗೆ ಕಡಿಮೆಯಾಗಿದ್ದ ಹಣವನ್ನು ಮುಂದಿನ ಬಿಲ್ಲಿನಲ್ಲಿ ಸೇರಿಸಿ ಕೊಟ್ಟರು. ಆದರೆ ಆ ದಿನ ಆಡಿದ ಮಾತು ತಪ್ಪಾಗಿತ್ತೆಂದು ಯಾರೂ ಹೇಳಲಿಲ್ಲ.

"ರೊಕ್ಕ ಬಂತ್ರಿ. ರೊಕ್ಕದ ಮಾತಲ್ಲ ಇದು" ಎಂದರು ಅಜ್ಜಿ.

ಬಸ್ಸಿನಲ್ಲಿ ಕುಳಿತ ಮೇಲೂ ಈ ಮಾತು ನಮ್ಮನ್ನು ಬಿಡಲಿಲ್ಲ. ಹಾಗಾದರೆ ಇದು ಯಾವುದರ ಮಾತು? ಯಂತ್ರ ಬೇಡವೆಂದು ಅಜ್ಜಿ ಹೇಳಲಿಲ್ಲ. ಪರೀಕ್ಷೆ ಬೇಡವೆಂದೂ ಹೇಳಲಿಲ್ಲ. ನಮ್ಮ ಊಟ ತಯಾರಾಗುವ ಜಾಗಗಳಲ್ಲೆಲ್ಲ ಈಗ ಇಂಥ ಯಂತ್ರಗಳು ಬಂದಿವೆ. ಮನುಷ್ಯ ಮನುಷ್ಯನಿಗೆ ಹೇಳಬೇಕಾಗಿದ್ದ ಮಾತನ್ನು ಅವು ಹೇಳತೊಡಗಿವೆ. ಇದರಿಂದ ನಾವು ಹೆಚ್ಚು ಪ್ರಾಮಾಣಿಕರಾಗಿದ್ದೇವೆಯೇ, ಅಥವಾ ಪ್ರಾಮಾಣಿಕತೆಯ ಹೊಣೆಯನ್ನು ಯಂತ್ರದ ಹೆಗಲಿಗೆ ದಾಟಿಸಿ ನಾವು ಹಗುರಾಗಿದ್ದೇವೆಯೇ? ಇದು ಕೇಳಬೇಕಾದ ಪ್ರಶ್ನೆ.

ಹಾಲನ್ನು ಅಳೆಯುವ ವಿದ್ಯೆ ಹಳೆಯದು. ಬೆರಳದ್ದಿ ನೋಡುವುದು, ಉಗುರಿನ ಮೇಲೆ ಹನಿ ಬಿಟ್ಟು ನೋಡುವುದು, ಕಾಯಿಸಿ ಕೆನೆ ನೋಡುವುದು ನಮ್ಮ ತಾಯಂದಿರ ಪರೀಕ್ಷೆಗಳು. ಆಮೇಲೆ ಲ್ಯಾಕ್ಟೋಮೀಟರ್ ಬಂತು. ಹಾಲಿನಲ್ಲಿ ತೇಲುವ ಆ ಗಾಜಿನ ಕಡ್ಡಿಯನ್ನು ನಮ್ಮ ಹಳ್ಳಿಗಳ ಜನ 'ಡಿಗ್ರಿ' ಎಂದೇ ಕರೆಯುತ್ತಾರೆ. ಅದನ್ನು ಮೋಸಗೊಳಿಸುವುದು ಸುಲಭ. ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡನ್ನೂ ಅಳತೆಯಿಂದ ಮಾಡಿದವನ ಹಾಲಿನಲ್ಲಿ ಕಡ್ಡಿ ನೆಟ್ಟಗೇ ನಿಲ್ಲುತ್ತದೆ.

1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್ ಬಾಬ್‌ಕಾಕ್ ಎಂಬ ರಸಾಯನಶಾಸ್ತ್ರಜ್ಞ ಹಾಲಿನ ಜಿಡ್ಡನ್ನು ಅಳೆಯುವ ಸರಳ ವಿಧಾನ ಕಂಡುಹಿಡಿದ. ಮರುವರ್ಷ ಸ್ವಿಟ್ಜರ್ಲೆಂಡಿನ ನಿಕೊಲಾಸ್ ಗರ್ಬರ್ ಇನ್ನೊಂದು ವಿಧಾನ ಕೊಟ್ಟ. ನಮ್ಮ ದೇಶದ ಡೈರಿಗಳಲ್ಲಿ ಬಹುಕಾಲ ನಡೆದದ್ದು ಈ ಗರ್ಬರ್ ವಿಧಾನವೇ. 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಸೇರಿಸಿ, ಗಾಜಿನ ನಳಿಕೆಯನ್ನು ಯಂತ್ರದಲ್ಲಿ ಗರಗರ ತಿರುಗಿಸಿದರೆ ಜಿಡ್ಡು ಬೇರೆಯಾಗಿ ಮೇಲೆ ನಿಲ್ಲುತ್ತದೆ. ನಳಿಕೆಯ ಮೇಲಿನ ಗೆರೆ ನೋಡಿ ಎಷ್ಟು ಜಿಡ್ಡೆಂದು ಓದಬಹುದು. ಬಾಬ್‌ಕಾಕ್ ತನ್ನ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟ ಎಂಬುದನ್ನೂ ಇಲ್ಲಿ ನೆನೆಯಬೇಕು. ಆ ಪರೀಕ್ಷೆ ಬೈಬಲ್‌ಗಿಂತ ಹೆಚ್ಚು ಹಾಲಿನವರನ್ನು ಪ್ರಾಮಾಣಿಕರನ್ನಾಗಿ ಮಾಡಿತು ಎಂಬ ಮಾತು ಆ ಕಾಲದಲ್ಲಿ ಅಮೆರಿಕದಲ್ಲಿ ಪ್ರಚಲಿತವಾಗಿತ್ತು. ತಮಾಷೆಗೆ ಹುಟ್ಟಿದ ಮಾತಿರಬಹುದು. ಧರ್ಮದ ಬಗ್ಗೆ ಬರೆಯುವವರು, ಮಾತಾಡುವವರು ಅದನ್ನು ತಮಾಷೆಯೆಂದು ಬಿಟ್ಟುಬಿಡಬಾರದು.

ಕರ್ನಾಟಕದಲ್ಲಿ 1974ರಲ್ಲಿ ಹೈನುಗಾರಿಕೆ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ, ಮುಂದೆ ಅದೇ ಹಾಲು ಮಹಾಮಂಡಳಿಯಾಗಿ, ಹಳ್ಳಿ ಹಳ್ಳಿಗೂ ಹಾಲಿನ ಸಂಘ ಬಂದ ಮೇಲೆ ಈ ಪರೀಕ್ಷೆಗಳು ನಮ್ಮ ಓಣಿಗಳಿಗೂ ಬಂದವು. ಈಗ ಆಮ್ಲವಿಲ್ಲ, ನಳಿಕೆಯಿಲ್ಲ. ಹಳ್ಳಿಯ ಯಂತ್ರ ಹಾಲಿನೊಳಗೆ ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಹಾಯಿಸಿ, ಅವು ಸಾಗುವ ವೇಗದಿಂದ ಲೆಕ್ಕ ಹಾಕುತ್ತದೆ. ದೊಡ್ಡ ಡೈರಿಗಳಲ್ಲಿ ಇನ್ನೂ ಮುಂದುವರಿದಿದ್ದಾರೆ. ಹಾಲು ಕೊಳವೆಯಲ್ಲಿ ಹರಿಯುತ್ತಿರುವಾಗಲೇ ಅವಕೆಂಪು ಬೆಳಕನ್ನು ಹಾಯಿಸಿ, ಜಿಡ್ಡು ಎಷ್ಟು, ಪ್ರೋಟೀನು ಎಷ್ಟೆಂದು ಕ್ಷಣಕ್ಷಣಕ್ಕೂ ಅಳೆದು, ಕೆನೆ ಎಷ್ಟು ಬೆರೆಯಬೇಕೆಂದು ತಾವೇ ನಿರ್ಧರಿಸುವ ಯಂತ್ರಗಳಿವೆ. ಅಲ್ಲಿ ಯಾರೂ ಲೋಟ ಹಿಡಿದು ನಿಲ್ಲಬೇಕಿಲ್ಲ. ಕಾವಲುಗಾರ ಕಣ್ಣು ಮುಚ್ಚುವುದೇ ಇಲ್ಲ.

ಕಣ್ಣು ಮುಚ್ಚದ ಕಾವಲುಗಾರ ಎಂದಾಗ ನಮಗೆ ಉರ್ದು ಶಾಲೆಯ ದಿನಗಳಲ್ಲಿ ಕೇಳಿದ ಕಥೆ ನೆನಪಾಗುತ್ತದೆ. ಓದುಗರಲ್ಲಿ ಅನೇಕರು ಇದನ್ನು ಬಲ್ಲರು. ಖಲೀಫಾ ಉಮರ್(ರ) ರಾತ್ರಿ ಮದೀನಾದ ಓಣಿಗಳಲ್ಲಿ ಗಸ್ತು ತಿರುಗುತ್ತಿದ್ದಾಗ ಒಂದು ಮನೆಯೊಳಗಿನ ಮಾತು ಕಿವಿಗೆ ಬೀಳುತ್ತದೆ. ಹಾಲಿಗೆ ನೀರು ಬೆರೆಸು ಎಂದು ತಾಯಿ ಮಗಳಿಗೆ ಹೇಳುತ್ತಾಳೆ. ಖಲೀಫರು ಅದನ್ನು ನಿಷೇಧಿಸಿದ್ದಾರೆ ಎನ್ನುತ್ತಾಳೆ ಮಗಳು. ಈ ಹೊತ್ತಿನಲ್ಲಿ ಖಲೀಫರು ನೋಡುತ್ತಾರೆಯೇ ಎಂದು ತಾಯಿ ಕೇಳಿದಾಗ, ಖಲೀಫರು ನೋಡದಿದ್ದರೂ ಖಲೀಫರ ಪ್ರಭು ನೋಡುತ್ತಿದ್ದಾನಲ್ಲ ಎಂಬ ಅರ್ಥದ ಉತ್ತರ ಬರುತ್ತದೆ. ಉಮರ್(ರ) ಆ ಹುಡುಗಿಯನ್ನು ತಮ್ಮ ಮಗ ಆಸಿಮ್‌ಗೆ ತಂದುಕೊಂಡರು. ನ್ಯಾಯಕ್ಕೆ ಹೆಸರಾದ ಉಮರ್ ಬಿನ್ ಅಬ್ದುಲ್ ಅಝೀಝ್ ಆ ಸಂತಾನದಲ್ಲೇ ಹುಟ್ಟಿದರು ಎಂದು ಹೇಳುತ್ತ ಬಂದಿದ್ದಾರೆ.

ಈ ಕಥೆ ಹೇಳುವಾಗ ನಾವೆಲ್ಲ ಆ ಹುಡುಗಿಯನ್ನು ಹೊಗಳಿ ನಿಲ್ಲಿಸುತ್ತೇವೆ. ಆದರೆ ಆ ಮನೆಯಲ್ಲಿ ಇಬ್ಬರಿದ್ದರು. ಒಬ್ಬಳಿಗೆ ಅಲ್ಲಾಹನ ಭಯ ಸಾಕಾಗಿತ್ತು, ಇನ್ನೊಬ್ಬಳಿಗೆ ಖಲೀಫರ ಭಯ ಬೇಕಾಗಿತ್ತು. ಅದಕ್ಕಾಗಿಯೇ ಉಮರ್(ರ) ಗಸ್ತು ತಿರುಗುತ್ತಿದ್ದದ್ದು. ಎಲ್ಲರ ಎದೆಯಲ್ಲೂ ದೇವಭಯ ಇದೆಯೆಂದು ನಂಬಿ ಅವರು ಮಲಗಲಿಲ್ಲ. ಮುಂದೆ ಮುಸ್ಲಿಮ್ ನಗರಗಳಲ್ಲಿ 'ಮುಹ್ತಸಿಬ್' ಎಂಬ ಅಧಿಕಾರಿಯೇ ಇದ್ದ. ಪೇಟೆಯ ತೂಕ, ಅಳತೆ, ಕಲಬೆರಕೆಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಹನ್ನೆರಡನೆಯ ಶತಮಾನದಲ್ಲಿ ಸಿರಿಯಾದ ಅಶ್-ಶೈಝರಿ ಎಂಬವರು ಈ ಅಧಿಕಾರಿಗಳಿಗಾಗಿಯೇ ಕೈಪಿಡಿ ಬರೆದರು. ರೊಟ್ಟಿಯವರು, ಮಾಂಸದವರು, ಔಷಧಿ ಮಾರುವವರು, ಹೀಗೆ ಕಸುಬು ಕಸುಬಿನ ಮೋಸಗಳನ್ನೂ ಅವುಗಳನ್ನು ಹಿಡಿಯುವ ಬಗೆಯನ್ನೂ ಅದರಲ್ಲಿ ವಿವರಿಸಿದರು. ಆದ್ದರಿಂದ ದೇವಭಯವುಳ್ಳ ಸಮಾಜಕ್ಕೆ ಪರೀಕ್ಷೆ ಬೇಡ ಎನ್ನುವುದು ನಮ್ಮ ಇತಿಹಾಸಕ್ಕೆ ಗೊತ್ತಿಲ್ಲದ ಮಾತು.

ಇನ್ನೂ ಒಂದು ಕಾರಣಕ್ಕೆ ಯಂತ್ರ ಬೇಕು. ಮನಸ್ಸು ಎಷ್ಟು ಶುದ್ಧವಾಗಿದ್ದರೂ ಕಣ್ಣಿಗೆ ಕಾಣದ ದೋಷಗಳಿವೆ. 2018ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಹಾಲೆಲ್ಲ ವಿಷ ಎಂದು ಊರಲ್ಲಿ ಮಾತಾಡಿಕೊಳ್ಳುತ್ತೇವಲ್ಲ, ಆದರೆ ಆರೋಗ್ಯಕ್ಕೆ ಅಪಾಯ ತರುವ ಕಲಬೆರಕೆ ಸಿಕ್ಕಿದ್ದು ಕೇವಲ 12 ಮಾದರಿಗಳಲ್ಲಿ. 368 ಮಾದರಿಗಳಲ್ಲಿ ಮಾತ್ರ ಅಫ್ಲಟಾಕ್ಸಿನ್ ಎಂಬ ವಿಷಾಂಶ ಮಿತಿ ಮೀರಿತ್ತು. ಇದನ್ನು ಯಾರೂ ಕೈಯಾರೆ ಬೆರೆಸುವುದಿಲ್ಲ. ಬೂಸ್ಟು ಹಿಡಿದ ಹಿಂಡಿ, ಮೇವು ತಿಂದ ಎಮ್ಮೆಯ ಹೊಟ್ಟೆಯಿಂದ ಅದು ಹಾಲಿಗೆ ಬರುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಆ ಕಥೆಯ ಹುಡುಗಿಯೇ ಹಾಲು ಕೊಟ್ಟರೂ ಅದರಲ್ಲಿ ಈ ವಿಷ ಇರಬಹುದು. ಅದನ್ನು ಕಾಣಲು ಪ್ರಯೋಗಾಲಯವೇ ಬೇಕು.

ಹಾಗೆಂದು ಯಂತ್ರ ಬಂದರೆ ಮೋಸ ಹೋಯಿತೆಂದು ತಿಳಿಯಬೇಕಿಲ್ಲ. ಮೋಸ ಮಾಡುವವನು ಯಂತ್ರ ಕೇಳುವ ಪ್ರಶ್ನೆಯನ್ನು ಕಲಿತುಕೊಳ್ಳುತ್ತಾನೆ. 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಎಂಬ ವಿಜ್ಞಾನಿ ಆಹಾರದ ಸಾರಜನಕವನ್ನು ಅಳೆದು ಅದರಿಂದ ಪ್ರೋಟೀನಿನ ಲೆಕ್ಕ ಹಾಕುವ ದಾರಿ ತೋರಿಸಿದ. ನೂರು ವರ್ಷಗಳಿಗೂ ಹೆಚ್ಚು ಕಾಲ ಜಗತ್ತು ಅದನ್ನೇ ನಂಬಿತು. ಆ ಪರೀಕ್ಷೆ ಕೇಳುವುದು ಸಾರಜನಕ ಎಷ್ಟಿದೆ ಎಂದು. ಅದು ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಹಾಕಿದರು. ಪ್ಲಾಸ್ಟಿಕ್ ತಯಾರಿಕೆಯ ಆ ವಸ್ತುವಿನ ತೂಕದಲ್ಲಿ ಮೂರನೇ ಎರಡು ಪಾಲು ಸಾರಜನಕವೇ. ಪರೀಕ್ಷೆಯಲ್ಲಿ ಪ್ರೋಟೀನು ಸರಿಯಾಗಿ ಕಂಡಿತು. 2008ರಲ್ಲಿ ಸತ್ಯ ಹೊರಬಿದ್ದಾಗ ಸುಮಾರು ಮೂರು ಲಕ್ಷ ಮಕ್ಕಳು ಅಸ್ವಸ್ಥರಾಗಿದ್ದರು, ಆರು ಹಸುಳೆಗಳು ಸತ್ತಿದ್ದವು. ಆ ಹಾಲು ಅಂಕೆಯಲ್ಲಿ ಪಾಸಾದ ಹಾಲು. ನಮ್ಮಲ್ಲೂ ಎಸ್.ಎನ್.ಎಫ್. ಏರಿಸಲು ಯೂರಿಯಾ ಹಾಕುವ ಪಾಪಿಗಳು ಆಗಾಗ ಸಿಕ್ಕಿಬೀಳುತ್ತಾರೆ. ಹಾಲನ್ನು ಕುಡಿಯುವ ಮಗುವನ್ನು ಮರೆತು ಅಂಕೆಯನ್ನೇ ತೃಪ್ತಿಪಡಿಸಲು ಹೊರಟಾಗ ಆಗುವುದು ಹೀಗೆ.

ಅಂದರೆ ದೇವಭಯವೊಂದೇ ಸಾಲದು, ಯಂತ್ರವೊಂದೇ ಸಾಲದು. ಎರಡೂ ಬೇಕು ಎಂದು ಹೇಳಿ ಲೇಖನ ಮುಗಿಸಬಹುದಿತ್ತು. ಆದರೆ ಅಜ್ಜಿಯ ದುಃಖ ಇದರಿಂದ ತೀರುವುದಿಲ್ಲ. ಅವರಲ್ಲಿ ದೇವಭಯವಿತ್ತು, ಡೈರಿಯಲ್ಲಿ ಯಂತ್ರವೂ ಇತ್ತು. ಆದರೂ ಅನ್ಯಾಯವಾಯಿತು. ಹಾಗಾದರೆ ಇಲ್ಲದಿದ್ದದ್ದು ಏನು?

ಪ್ರವಾದಿ(ಸ)ಯವರ ಜೀವನದ ಒಂದು ಘಟನೆ ಇಲ್ಲಿ ದಾರಿ ತೋರಿಸುತ್ತದೆ. ಮದೀನಾದ ಪೇಟೆಯಲ್ಲಿ ಅವರು ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕುತ್ತಾರೆ. ಬೆರಳಿಗೆ ತೇವ ತಗಲುತ್ತದೆ. ಇದೇನೆಂದು ಕೇಳಿದಾಗ, ಮಳೆಗೆ ನೆನೆಯಿತು ಎನ್ನುತ್ತಾನೆ ವ್ಯಾಪಾರಿ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲ ಎಂದು ಪ್ರವಾದಿ(ಸ) ಕೇಳುತ್ತಾರೆ; ಮೋಸ ಮಾಡುವವನಿಗೂ ತಮಗೂ ಸಂಬಂಧವಿಲ್ಲ ಎನ್ನುತ್ತಾರೆ. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ಕಾಳು ನೆನೆದದ್ದೂ ತಪ್ಪಲ್ಲ. ನೆನೆದದ್ದನ್ನು ಕೆಳಗಿಟ್ಟು ಒಣಗಿದ್ದನ್ನು ಮೇಲಿಟ್ಟದ್ದು ತಪ್ಪು.

ಇದೇ ಮಾತನ್ನು ಯಂತ್ರಕ್ಕೆ ಹಚ್ಚಿ ನೋಡೋಣ. ಯಂತ್ರದೊಳಗೆ ಜಿಡ್ಡು ಕಟ್ಟುವುದು ಮಳೆಯ ಹಾಗೆ, ಯಾರ ಮೋಸವೂ ಅಲ್ಲ. ಹಾಲಿನಲ್ಲಿ ಗಾಳಿಯ ಗುಳ್ಳೆ ಇದ್ದರೂ ಅಂಕೆ ಏರುಪೇರಾಗುತ್ತದೆ. ಯಂತ್ರ ತೋರಿಸುವ 'ನೀರು' ಕೂಡ ಅದು ಕಣ್ಣಾರೆ ಕಂಡ ನೀರಲ್ಲ. ಇಂಥ ಹಾಲಿನಲ್ಲಿ ಘನಾಂಶ ಇಷ್ಟಿರಬೇಕು, ಇಲ್ಲಿ ಕಡಿಮೆಯಿದೆ, ಆದ್ದರಿಂದ ನೀರು ಬಿದ್ದಿರಬೇಕು ಎಂಬ ಊಹೆ ಅದು. ಹಾಲಿನ ಅಂಶ ಮೇವಿನಿಂದ, ಹವೆಯಿಂದ, ಎಮ್ಮೆ ಈದು ಎಷ್ಟು ದಿನವಾಯಿತೆಂಬುದರಿಂದಲೂ ಬದಲಾಗುತ್ತದೆ. ಹಿಂಡುವಾಗ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಗೆ ಬರುವ ಹಾಲಿನಲ್ಲಿ ಹೆಚ್ಚು. ಆ ಕೊನೆಯ ಹಾಲನ್ನು ಕರುವಿಗೆ ಬಿಟ್ಟ ಕರುಣೆಯ ಮನೆಯವರಿಗೆ ಫ್ಯಾಟ್ ಕಡಿಮೆ ಬರಬಹುದು. ಇದೆಲ್ಲ ಡೈರಿಯ ಶಾಸ್ತ್ರ ಬಲ್ಲವರಿಗೆ ಗೊತ್ತಿರುವ ಸಂಗತಿ. ಸಾಲಿನಲ್ಲಿ ನಿಂತ ಅಜ್ಜಿಗೆ ಮಾತ್ರ ಅದನ್ನು ಯಾರೂ ಹೇಳಿರಲಿಲ್ಲ. ಊಹೆಯನ್ನು ಸಾಕ್ಷಿಯೆಂದು ಅವರ ಮುಂದೆ ಇಡಲಾಯಿತು. ಅಂಕೆ ಮೂಡುವ ಕಿಟಕಿಯ ಮುಖ ಹುಡುಗನ ಕಡೆಗಿತ್ತು, ಅಜ್ಜಿಯ ಕಡೆಗಿರಲಿಲ್ಲ.

ಹಳೆಯ ತಕ್ಕಡಿಯ ಗುಣ ಇದ್ದದ್ದು ಇಲ್ಲಿಯೇ. ಅದು ಕೊಡುವವನಿಗೂ ಕೊಳ್ಳುವವನಿಗೂ ನಡುವೆ ತೂಗುತ್ತಿತ್ತು. ಮುಳ್ಳು ಇಬ್ಬರಿಗೂ ಕಾಣುತ್ತಿತ್ತು. ಪವಿತ್ರ ಕುರ್‌ಆನ್‌ನ ಅರ್-ರಹ್ಮಾನ್ ಅಧ್ಯಾಯದಲ್ಲಿ ಆಕಾಶವನ್ನು ಎತ್ತಿ ನಿಲ್ಲಿಸಿದ ಮಾತಿನ ಜೊತೆಗೇ 'ಮೀಝಾನ್' ಅಂದರೆ ತಕ್ಕಡಿಯ ಮಾತು ಬರುತ್ತದೆ. ಇನ್ನೊಂದು ಅಧ್ಯಾಯದ ಹೆಸರೇ ಅಲ್-ಮುತಫ್ಫಿಫೀನ್. ತಾವು ಪಡೆಯುವಾಗ ತುಂಬ ಅಳೆದು ಪಡೆದು, ಇತರರಿಗೆ ಕೊಡುವಾಗ ಕಡಿಮೆ ಮಾಡುವವರಿಗೆ ಅಲ್ಲಿ ಕಠಿಣ ಎಚ್ಚರಿಕೆಯಿದೆ. ನಾವು ಇದನ್ನು ಕಿರಾಣಿ ಅಂಗಡಿಯವನಿಗೆ ಹೇಳಿದ್ದೆಂದು ತಿಳಿದು ಸುಮ್ಮನಿರುತ್ತೇವೆ. ಆದರೆ ಇದರ ಒಳಗೆ ಒಂದು ನಿಯಮವಿದೆ: ಅಳತೆ ಎರಡೂ ದಿಕ್ಕಿಗೆ ಒಂದೇ ಇರಬೇಕು. ರೈತನ ಹಾಲನ್ನು ದಶಮಾಂಶದವರೆಗೆ ಅಳೆಯುವವರು ತಮ್ಮ ಯಂತ್ರವನ್ನೂ ಅಷ್ಟೇ ಕಟ್ಟುನಿಟ್ಟಾಗಿ ಅಳೆಸಿಕೊಳ್ಳಬೇಕು. ಅಂಗಡಿಯ ತಕ್ಕಡಿ, ಕಲ್ಲುಗಳಿಗೆ ಸರಕಾರದ ಮುದ್ರೆ ಬೇಕೆಂಬ ಕಾನೂನು ನಮ್ಮಲ್ಲಿ ಇರುವುದು ಈ ತಿಳಿವಳಿಕೆಯಿಂದಲೇ.

ಈ ಸೀಮೆಯ ಕಬ್ಬಿನ ರೈತರಿಗೂ ಇದು ಹೊಸ ಮಾತಲ್ಲ. ಕೇಂದ್ರ ಸರಕಾರ ಕಬ್ಬಿಗೆ ನಿಗದಿಪಡಿಸುವ ಎಫ್.ಆರ್.ಪಿ. ದರ ಸಕ್ಕರೆಯ ಇಳುವರಿಯ ಮೇಲೆ ನಿಂತಿದೆ. 2022-23ರ ಹಂಗಾಮಿನಿಂದ ಅದಕ್ಕೆ ಆಧಾರ ಶೇ. 10.25 ಇಳುವರಿ. ದಶಾಂಶ ಒಂದು ಏರಿದರೆ ರೈತನ ದರ ಏರುತ್ತದೆ. ಆ ಇಳುವರಿಯನ್ನು ಲೆಕ್ಕ ಹಾಕುವುದು ಕಾರ್ಖಾನೆಯ ಒಳಗೆ. ಕಬ್ಬು ಬೆಳೆದವನು ಗಾಡಿಯೊಂದಿಗೆ ಹೊರಗೆ ನಿಂತಿರುತ್ತಾನೆ. ಒಳಗಿನವರು ಪ್ರಾಮಾಣಿಕರೇ ಇರಬಹುದು. ಆದರೆ ಹೊರಗಿನವನಿಗೆ ಕಾಣದ ಪ್ರಾಮಾಣಿಕತೆ ಅವನ ಸಂಶಯವನ್ನು ಹೇಗೆ ತೀರಿಸೀತು?

ಪರೀಕ್ಷಿಸುವುದೇ ಅವಮಾನ ಎನ್ನುವವರೂ ಇದ್ದಾರೆ. ಅದು ಸರಿಯಲ್ಲ. ಕುರ್‌ಆನ್‌ನ ಅತಿ ದೀರ್ಘ ವಚನ ನಮಾಝಿನ ಬಗ್ಗೆ ಅಲ್ಲ, ಸಾಲದ ಪತ್ರ ಬರೆಯುವುದರ ಬಗ್ಗೆ. ವಿಶ್ವಾಸಿಗಳು ತಮ್ಮ ತಮ್ಮಲ್ಲೇ ವ್ಯವಹರಿಸುವಾಗಲೂ ಸಾಲ ಸಣ್ಣದಿರಲಿ ದೊಡ್ಡದಿರಲಿ ಬರೆದಿಡಬೇಕು, ಸಾಕ್ಷಿ ಇಡಬೇಕು ಎಂದು ಅಲ್ಲಿ ಹೇಳಿದೆ. ಬರೆಯಬೇಕಾದ ಪತ್ರದ ಒಕ್ಕಣೆಯನ್ನು ಹೇಳಬೇಕಾದವನು ಸಾಲ ಪಡೆದವನು ಎಂದೂ, ಅವನಿಗೆ ಶಕ್ತಿಯಿಲ್ಲದಿದ್ದರೆ ಅವನ ಪರವಾಗಿ ಇನ್ನೊಬ್ಬರು ನ್ಯಾಯವಾಗಿ ಹೇಳಬೇಕೆಂದೂ ಇದೆ. ದುರ್ಬಲನಾದವನು ಓದಲು ಬರೆಯಲು ಬಾರದ ಕಾರಣಕ್ಕೆ ಲೆಕ್ಕದ ಹೊರಗೆ ಉಳಿಯಬಾರದೆಂಬ ಕಾಳಜಿ ಇದರಲ್ಲಿದೆ. ಲೆಕ್ಕ ಇಡುವುದು ಅಪನಂಬಿಕೆಯಲ್ಲ. ಒಬ್ಬನಿಗೆ ಮಾತ್ರ ಕಾಣುವ ಲೆಕ್ಕದಿಂದ ಅಪನಂಬಿಕೆ ಹುಟ್ಟುತ್ತದೆ.

ಸಿರಸಂಗಿಗೆ ಈ ಎರಡೂ ಪಾಠಗಳು ಮನೆಯ ಮಾತು. ಅಲ್ಲಿಯ ಕಾಳಮ್ಮ ವಿಶ್ವಕರ್ಮರ ಆರಾಧ್ಯ ದೇವತೆ. ಆ ಸಮಾಜದ ಅಕ್ಕಸಾಲಿಗರ ಕಸುಬೇ ಪರೀಕ್ಷೆಯ ಮೇಲೆ ನಿಂತದ್ದು. ಒರೆಗಲ್ಲಿಗೆ ಚಿನ್ನ ತಿಕ್ಕಿ, ಗೆರೆಯ ಮೇಲೆ ಆಮ್ಲದ ಹನಿ ಬಿಟ್ಟು ನೋಡುವುದು ಯಾವ ರಸಾಯನಶಾಸ್ತ್ರಕ್ಕೂ ಕಡಿಮೆಯದಲ್ಲ. ಗಿರಾಕಿ ಎದುರಿಗೆ ಕುಳಿತೇ ಅದನ್ನು ನೋಡುತ್ತಾನೆ. ತನ್ನ ಚಿನ್ನವನ್ನು ಒರೆಗೆ ಹಚ್ಚಿದರೆಂದು ಯಾರೂ ಮುನಿಸಿಕೊಳ್ಳುವುದಿಲ್ಲ, ಏಕೆಂದರೆ ಕಲ್ಲಿನ ಮೇಲಿನ ಗೆರೆ ಇಬ್ಬರಿಗೂ ಕಾಣುತ್ತದೆ. ಅದೇ ಊರಿನ ವಾಡೆಯಲ್ಲಿ ಬಾಳಿದ ತ್ಯಾಗವೀರ ಲಿಂಗರಾಜ ದೇಸಾಯಿಯವರು (1861-1906) ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದು ಕಣ್ಮುಚ್ಚಿದರು. ಆ ನಿಧಿ ಟ್ರಸ್ಟ್ ಆಗಿ ತಲೆಮಾರುಗಳನ್ನು ಓದಿಸಿತು. 1933ರಲ್ಲಿ ಬೆಳಗಾವಿಯಲ್ಲಿ ಶುರುವಾದ ಕಾಲೇಜಿಗೆ ಅವರ ಹೆಸರೇ ಇದೆ. ನಮ್ಮ ವಕ್ಫ್‌ನ ಕಲ್ಪನೆಯೂ ಇದೇ. ಕೊಟ್ಟವನು ನೋಡಲು ಇರುವುದಿಲ್ಲ. ನಡೆಸುವವನ ಆತ್ಮಸಾಕ್ಷಿಯೂ ಬೇಕು, ಎಲ್ಲರಿಗೂ ತೋರಿಸಬಹುದಾದ ಲೆಕ್ಕದ ಪುಸ್ತಕವೂ ಬೇಕು. ನಂಬಿಕೆಗೆ ಅರ್ಹರಾದವರು ಪುಸ್ತಕ ತೆರೆದಿಡಲು ಹಿಂಜರಿಯುವುದಿಲ್ಲ. ನಮ್ಮ ಅನೇಕ ವಕ್ಫ್ ಆಸ್ತಿಗಳ ಸ್ಥಿತಿ ನೋಡಿದರೆ ಈ ಮಾತನ್ನು ಡೈರಿಯವರಿಗೆ ಹೇಳುವ ಮೊದಲು ನಾವೇ ಹೇಳಿಕೊಳ್ಳಬೇಕು.

ಕೊನೆಯದಾಗಿ ಇನ್ನೊಂದು ಮಾತು. ಯಂತ್ರ ತಪ್ಪು ಮಾಡಬಲ್ಲದು, ತಪ್ಪನ್ನು ತಿದ್ದಿಕೊಳ್ಳಲೂಬಲ್ಲದು. ಕ್ಷಮೆ ಕೇಳಲಾರದು. ಆ ಕೆಲಸವನ್ನು ಅದರ ಪಕ್ಕದಲ್ಲಿ ನಿಂತ ಮನುಷ್ಯನೇ ಮಾಡಬೇಕು. ಅಜ್ಜಿಯ ಓಣಿಯ ಆ ಹುಡುಗ ಕೆಟ್ಟವನಲ್ಲ. "ಆಯೀ ನೀರು ಹಾಕಿದಳು" ಎಂದು ಅವನು ತಾನಾಗಿ ಎಂದೂ ಹೇಳುತ್ತಿರಲಿಲ್ಲ. ಅವರ ಮನೆಯ ಮಜ್ಜಿಗೆ ಕುಡಿದು ಬೆಳೆದವನು. ಯಂತ್ರ ಹೇಳಿದ್ದರಿಂದ ಅವನಿಗೆ ಹೇಳುವುದು ಸುಲಭವಾಯಿತು. ಯಂತ್ರವೇ ಹೇಳಿದ್ದರಿಂದ, ಅದು ತಪ್ಪೆಂದು ಗೊತ್ತಾದ ಮೇಲೆ ಕ್ಷಮೆ ಕೇಳುವುದು ತನ್ನ ಕೆಲಸವೆಂದು ಅವನಿಗೆ ಅನ್ನಿಸಲಿಲ್ಲ. ನಾವು ಹೆದರಬೇಕಾದದ್ದು ಇದಕ್ಕೆ. ಆರೋಪ ಹೊರಿಸಿದಷ್ಟೇ ಜನರ ಮುಂದೆ ಆರೋಪವನ್ನು ಇಳಿಸುವುದು ಕೂಡ ತೂಕದ ನ್ಯಾಯವೇ.

ಹೊರಡುವ ಮುಂಚೆ ಅಜ್ಜಿಯನ್ನು ಕೇಳಿದ್ದೆವು: "ಈಗೂ ಅದೇ ಡೈರಿಗೆ ಹಾಲು ಹಾಕ್ತೀರೇನಮ್ಮಾ?"

"ಹಾಕ್ದ ಏನ ಮಾಡೂಣ್ರಿ? ಎಮ್ಮಿ ಹಿಂಡೂದು ಬಿಡಾಕ ಆಕ್ಕೈತೇನು? ಈಗ ಮಮ್ಮಗನ್ನ ಕರ್ಕೊಂಡ ಹೊಕ್ಕೀನಿ. ಆರನೇತ್ತೆ ಓದತಾನ. ಮಿಷನ್ ಮುಂದ ನಿಂತು ನಂಬರ್ ಬರೂದನ್ನ ಜೋರಾಗಿ ಓದ ಅಂತ ಹೇಳೇನಿ. ನಾಕ ಮಂದಿಗೆ ಕೇಳ್ಲಿ."

ಅಷ್ಟರಲ್ಲಿ ನಮ್ಮ ಬಸ್ಸು ಬಂತು.